ದೊಡ್ಡಪ್ಪನ ಎದುರು ಸತ್ಯವೇದ ತೆರೆದಾಗ: ಒಂದು ಆಪ್ತಸಲಹೆ ಪ್ರಕರಣ

ಸುಜಾತ ನನ್ನ ಬಳಿ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ. ಶನಿವಾರ ರಾತ್ರಿ ಆದರೆ ಸಾಕು, ಎದೆ ಢವಢವ ಅನ್ನುತ್ತಿತ್ತು. ಬೆಳಗಿನ ಜಾವದವರೆಗೂ ಹೊರಳಾಟ. ಭಾನುವಾರ ಚರ್ಚಿಗೆ ಹೊರಡುವ ಹೊತ್ತಿಗೆ ತಲೆನೋವು ಬಂದು ಮಲಗಿಬಿಡುತ್ತಿದ್ದಳು. ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಸಂಡೇ ಸ್ಕೂಲ್ ಜವಾಬ್ದಾರಿ ಬಿಡುತ್ತೇನೆ ಎಂದು ಪತ್ರವನ್ನೂ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಕೊಡಲು ಮನಸ್ಸು ಬಂದಿರಲಿಲ್ಲ.

ಹೆಸರು ಬದಲಿಸಿದ್ದೇನೆ. ಗುರುತು ಸಿಗಬಾರದೆಂದು ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಕೆಲಸ ಶಾಲೆಯಲ್ಲಿ ಟೀಚರ್, ಮನೆ ಮಡಿಕೇರಿ ಕಡೆ.

ಕೊಡಗಿನಲ್ಲಿ ಕ್ರೈಸ್ತರು ಹಳಬರು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರದು. 1850ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೊಗ್ಲಿಂಗ್ ಬಂದು ಆನಂದಪುರದಲ್ಲಿ ಸಭೆ (ಚರ್ಚಿನ ಸಮುದಾಯ) ಕಟ್ಟಿದರು. ಹಳಬರಾದರೂ ಇರುವುದು ಸ್ವಲ್ಪವೇ ಜನ. ಮದುವೆಗೂ ಅವರೇ, ಮಣ್ಣಿಗೂ ಅವರೇ. ಹಾಗಾಗಿ ಇಲ್ಲಿ ಸಭೆಯ ಜಗಳ ಅಂದರೆ ಮನೆಯ ಜಗಳವೂ ಹೌದು. ಸುಜಾತಳ ವಿಷಯದಲ್ಲಂತೂ ನಿಜವಾಗಿಯೂ ಹಾಗೇ ಆಗಿತ್ತು. ಆಕೆ ಎದುರು ಮಾತಾಡಿದ್ದು ಸಭೆಯ ಹಿರಿಯರೂ ಆಗಿದ್ದ ಸ್ವಂತ ದೊಡ್ಡಪ್ಪನಿಗೆ.

ಆಗಸ್ಟ್ ತಿಂಗಳ ಒಂದು ಬುಧವಾರ, ಮನೆ ಪ್ರಾರ್ಥನೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಅವತ್ತಿನ ಪಾಠ ಸತ್ಯವೇದದ (ಬೈಬಲಿನ) ಮೊದಲ ಪುಸ್ತಕ ಆದಿಕಾಂಡದ ನೋಹನ ಕಥೆ, ಜನರ ಕೆಟ್ಟತನಕ್ಕೆ ದೇವರು ಜಲಪ್ರಳಯ ಕಳಿಸಿದ ಕಥೆ. ಓದಿ ಮುಗಿಸಿ ದೊಡ್ಡಪ್ಪ ಹೇಳಿದರು: "2018ರಲ್ಲಿ ನಮ್ಮ ಗುಡ್ಡಗಳು ಜಾರಿದ್ದೂ ಹೀಗೇ. ಆ ಕಡೆಯವರು ದೇವರನ್ನು ಮರೆತಿದ್ದರು, ದೇವರು ನೆನಪಿಸಿದರು."

ಮೂಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡವರು. ತಮ್ಮನನ್ನೂ ಕಳೆದುಕೊಂಡವರು. ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರಂತೆ. ಸುಜಾತಳ ಕಣ್ಣಿಗೆ ಅದು ಬಿತ್ತು. ಆಕೆ ಎದ್ದು ನಿಂತು, ಎಮರ್ಜೆನ್ಸಿ ಲೈಟಿನ ಬೆಳಕಿಗೆ ಪುಸ್ತಕ ಹಿಡಿದು, ಲೂಕನ ಸುವಾರ್ತೆಯ 13ನೇ ಅಧ್ಯಾಯದಿಂದ ಸ್ವಲ್ಪ ಓದಿದಳು. ಯೆರೂಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತದ್ದನ್ನು ಯೇಸು ಅಲ್ಲಿ ಪ್ರಸ್ತಾಪಿಸುತ್ತಾರೆ. ಅವರು ಯೆರೂಸಲೇಮಿನಲ್ಲಿದ್ದ ಬೇರೆಯವರಿಗಿಂತ ಹೆಚ್ಚು ಪಾಪಿಗಳೋ ಎಂದು ಕೇಳಿ, ತಾವೇ ಅಲ್ಲ ಅನ್ನುತ್ತಾರೆ.

ಅಲ್ಲಿಗೇ ನಿಲ್ಲಿಸಿದ್ದರೆ ಬಹುಶಃ ಆಕೆ ನನ್ನ ಬಳಿ ಬರುತ್ತಿರಲಿಲ್ಲ. ಆದರೆ ಮಾತು ಮುಂದುವರಿಯಿತು. "ಗುಡ್ಡ ಜಾರಿದ್ದಕ್ಕೂ ದೇವರಿಗೂ ಸಂಬಂಧವೇ ಇಲ್ಲ." ಆಮೇಲೆ, "ಇಷ್ಟು ವರ್ಷ ಹಿರಿಯರಾಗಿದ್ದು ಇದನ್ನೂ ಓದಿಲ್ವಾ ದೊಡ್ಡಪ್ಪ? ನಿಮಗೆ ದೇವರ ಮಾತಿಗಿಂತ ನಿಮ್ಮ ಮಾತೇ ದೊಡ್ಡದು." ದೊಡ್ಡಪ್ಪ ಪುಸ್ತಕ ಮುಚ್ಚಿದರು, ಕೊಡೆ ತಗೊಂಡು ಹೋದರು. ಮುಂದಿನದ್ದನ್ನು ಊಹಿಸಬಹುದು. ದೊಡ್ಡಮ್ಮ ಫೋನ್ ನಿಲ್ಲಿಸಿದರು. ಅಪ್ಪ, "ದೊಡ್ಡವರಿಗೆ ಎದುರಾಡಿದ್ದೀಯ, ಹೋಗಿ ಕಾಲಿಗೆ ಬೀಳು" ಅಂದರು. ಯುವಕರ ಕೂಟದ ಗೆಳೆಯರು "ಸರಿಯಾಗಿ ಕೊಟ್ಟೆ" ಅಂದರು. ಇಬ್ಬರ ಮಾತೂ ಆಕೆಗೆ ನೆಮ್ಮದಿ ಕೊಡಲಿಲ್ಲ.

"ಮೇಡಂ, ನಾನು ಮಾತಾಡಿದ್ದು ನಂಬಿಕೆಯಿಂದಲೋ ಅಹಂಕಾರದಿಂದಲೋ? ಅದು ಗೊತ್ತಾದರೆ ನಿದ್ದೆ ಬರುತ್ತೆ," ಅಂದಳು.

ನಾನೂ ಅದೇ ಸತ್ಯವೇದ ಓದುವವಳು. ಆದರೂ ಆಪ್ತಸಲಹೆಗೆ ಕೂತಾಗ ಇಂಥ ಪ್ರಶ್ನೆಗೆ ತೀರ್ಪು ಕೊಡುವುದಿಲ್ಲ. ಒಂದು ಹಾಳೆ ಕೊಟ್ಟೆ. ಅವತ್ತು ಸಂಜೆ ಆಡಿದ ಮಾತನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯಿರಿ ಅಂದೆ. ಪಕ್ಕದಲ್ಲಿ, ಇದು ವಚನದಲ್ಲೇ (ಸತ್ಯವೇದದ ಮಾತಿನಲ್ಲೇ) ಇದೆಯಾ, ವಚನದಿಂದ ನಾನು ತೆಗೆದ ಅರ್ಥವಾ, ಅಥವಾ ದೊಡ್ಡಪ್ಪನ ಬಗ್ಗೆ ನಾನು ಹೇಳಿದ ಮಾತಾ, ಅದನ್ನೂ ಬರೆಯಲು ಹೇಳಿದೆ.

ಬಹಳ ಹೊತ್ತು ಬರೆದಳು. 18 ಜನ ಹೆಚ್ಚು ಪಾಪಿಗಳಲ್ಲ ಎಂಬುದು ವಚನದಲ್ಲೇ ಇದೆ. ಅದಕ್ಕೆ ಹೆದರಬೇಕಾಗಿಲ್ಲ. ಯಾರ ಮುಂದೆ ಬೇಕಾದರೂ ಓದಬಹುದು. ದೇವರಿಗೆ ಸಂಬಂಧವೇ ಇಲ್ಲ ಎಂಬ ಮಾತು ಆ ವಚನದಲ್ಲಿ ಎಲ್ಲೂ ಇಲ್ಲ. ಅದು ಆಕೆ ಸೇರಿಸಿದ್ದು. ಪೆನ್ನು ಅಲ್ಲಿ ನಿಂತಿತು. "ಅಯ್ಯೋ, ನಾನೂ ದೊಡ್ಡಪ್ಪನ ಥರಾನೇ ಮಾಡಿದ್ದೀನಲ್ವಾ?" ಅಂದಳು. ಹೌದು. ಗುಡ್ಡ ಯಾಕೆ ಬಿತ್ತು ಎಂದು ದೇವರ ಪರವಾಗಿ ಅವರು ಒಂದು ಕಾರಣ ಹೇಳಿದರು, ಆಕೆ ಇನ್ನೊಂದು ಹೇಳಿದಳು. ನೋಹನ ಕಥೆಯಲ್ಲಿ ಜಲಪ್ರಳಯ ಯಾಕೆ ಬಂತು ಎಂದು ಸತ್ಯವೇದವೇ ಹೇಳುತ್ತದೆ. 2018ರ ಬಗ್ಗೆ ಹಾಗೆ ಹೇಳುವ ವಚನ ಯಾರ ಕೈಯಲ್ಲೂ ಇಲ್ಲ. ಮೂರನೆಯ ಮಾತಂತೂ ವಚನದ ಮಾತೇ ಅಲ್ಲ. ಒಬ್ಬ ಮನುಷ್ಯನ ಎದೆಯೊಳಗೆ ಏನಿದೆ ಎಂದು ತೀರ್ಮಾನ ಮಾಡಿದ್ದು.

ಆಮೇಲೆ ಆ ಅಧ್ಯಾಯವನ್ನು ಇಬ್ಬರೂ ಕೂತು ಪೂರ್ತಿ ಓದಿದೆವು. ಅಲ್ಲ ಎಂದ ಉಸಿರಿನಲ್ಲೇ ಯೇಸು ಇನ್ನೊಂದು ಮಾತು ಹೇಳುತ್ತಾರೆ: ನೀವು ಮನಸ್ಸು ತಿರುಗಿಸದಿದ್ದರೆ ನೀವೂ ನಾಶವಾಗುತ್ತೀರಿ. ಆ ಅರ್ಧವನ್ನು ಸುಜಾತ ಅವತ್ತು ಓದಿರಲಿಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಈ ಎಚ್ಚರಿಕೆ ಸತ್ತವರ ಬಗ್ಗೆ ಅಲ್ಲ, ಸುತ್ತ ನಿಂತು ಕೇಳುತ್ತಿದ್ದ ಬದುಕಿರುವವರಿಗೆ. ದೊಡ್ಡಪ್ಪನ ಬಳಿ ಎಚ್ಚರಿಕೆ ಇತ್ತು, ಆದರೆ ಅದನ್ನು ಸತ್ತವರ ಕಡೆಗೆ ತಿರುಗಿಸಿದ್ದರು. ಸುಜಾತಳ ಬಳಿ ಸಮಾಧಾನ ಇತ್ತು, ಎಚ್ಚರಿಕೆಯನ್ನು ಬಿಟ್ಟುಬಿಟ್ಟಿದ್ದಳು. ಇಬ್ಬರೂ ಸೇರಿ ಓದಿದ್ದರೆ ಪೂರ್ತಿ ಆಗುತ್ತಿತ್ತು.

"ಹಾಗಾದರೆ ನಾನು ಎದ್ದು ನಿಂತದ್ದೇ ತಪ್ಪಾ?" ಎಂದು ಕೇಳಿದಳು. ಇದಕ್ಕೆ ಮಾತ್ರ ನನ್ನ ಅಭಿಪ್ರಾಯ ನೇರವಾಗಿ ಹೇಳಿದೆ: ಅಲ್ಲ. ವಿನಯದ ಹೆಸರಿನಲ್ಲಿ ಕಿರಿಯರ, ಅದರಲ್ಲೂ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಬೆರೋಯ ಎಂಬ ಊರಿನ ಜನ, ಯೇಸುವಿನ ಸಂದೇಶ ಸಾರುತ್ತಿದ್ದ ಅಪೊಸ್ತಲ ಪೌಲನ ಮಾತನ್ನೂ ಹಾಗೇ ನುಂಗಲಿಲ್ಲ. ದಿನಾಲೂ ಶಾಸ್ತ್ರ ತೆಗೆದು ನೋಡಿದರು. ಅದಕ್ಕೆ ಅವರನ್ನು ಸತ್ಯವೇದ ಹೊಗಳುತ್ತದೆ.

ಎಲ್ಲರ ಮುಂದೆ ಹೇಳಬೇಕಾ, ಪಕ್ಕಕ್ಕೆ ಕರೆದು ಹೇಳಬೇಕಾ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಎರಡು ಘಟನೆ ಜೊತೆಗಿಟ್ಟು ಓದಲು ಹೇಳಿದೆ. ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ 18ನೇ ಅಧ್ಯಾಯದಲ್ಲಿ ಅಪೊಲ್ಲೋಸ ಎಂಬ ಬೋಧಕ ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡುತ್ತಾನೆ. ದೊಡ್ಡ ಪಂಡಿತ, ಆದರೆ ದೀಕ್ಷಾಸ್ನಾನದ ವಿಷಯದಲ್ಲಿ ಯೋಹಾನ ಕೊಡುತ್ತಿದ್ದದ್ದಷ್ಟೇ ಗೊತ್ತು. ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿ ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ವಿವರಿಸುತ್ತಾರೆ. ಜನರ ಮುಂದೆ ತಡೆಯುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲ ಹಿರಿಯ ಅಪೊಸ್ತಲನಾದ ಪೇತ್ರನನ್ನೇ ಎಲ್ಲರ ಮುಂದೆ ಕೇಳುತ್ತಾನೆ. ನನಗೆ ಕಾಣುವ ವ್ಯತ್ಯಾಸ ಇದು: ಅಪೊಲ್ಲೋಸನಿಗೆ ಗೊತ್ತಿಲ್ಲದ್ದರಿಂದ ಆ ಹೊತ್ತಿಗೆ ಯಾರಿಗೂ ಗಾಯ ಆಗುತ್ತಿರಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಊಟ ಮಾಡುವುದನ್ನು ನಿಲ್ಲಿಸಿದಾಗ, ಎದುರಿಗೇ ಕೂತವರಿಗೆ ನೋವಾಗಿತ್ತು. ಆ ಬುಧವಾರದ ಕೋಣೆಯಲ್ಲೂ ನೋವಾದವರು ಎದುರಿಗೇ ಇದ್ದರು. ಹಾಗಾಗಿ ಆ ವಚನವನ್ನು ಅಲ್ಲೇ ಓದಿದ್ದು ಸರಿ. ದೊಡ್ಡಪ್ಪನ ಹಿರಿತನದ ಬಗ್ಗೆ ಆಡಿದ ಮಾತಿಗೆ ಆ ಕಾರಣ ಕೊಡಲಾಗದು.

ಇಷ್ಟರಲ್ಲಿ ನಾನು ಕೇಳಿದೆ: "ಆ ಹೆಂಗಸು ಏನಂದರು?"

ಸುಜಾತ ಸುಮ್ಮನಾದಳು. ಕೇಳಿಯೇ ಇರಲಿಲ್ಲ.

ಅದಕ್ಕೇ ನನ್ನ ಮೊದಲ ಸಲಹೆ ದೊಡ್ಡಪ್ಪನ ಬಗ್ಗೆ ಇರಲಿಲ್ಲ. ಮೊದಲು ಆ ಹೆಂಗಸಿನ ಮನೆಗೆ ಹೋಗಿ, ಪುಸ್ತಕ ತಗೊಂಡು ಹೋಗಬೇಡಿ, ಅವರು ಹೇಳಿದ್ದನ್ನು ಕೇಳಿಕೊಂಡು ಬನ್ನಿ ಅಂದೆ. ಸತ್ಯವೇದದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ 7 ದಿನ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅವರು ಎಡವಿದ್ದು ಬಾಯಿ ತೆರೆದು ಕಾರಣ ಹೇಳಲು ಶುರು ಮಾಡಿದಾಗ. ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಎಂದು ಕೊನೆಗೆ ದೇವರೇ ಅವರಿಗೆ ಹೇಳುತ್ತಾರೆ.

ಸುಜಾತ ಹೋಗಿ ಬಂದಳು. ಆ ಹೆಂಗಸು ಹೇಳಿದ್ದು ಇಷ್ಟು: "ನೀನು ಓದಿದ್ದು ಕೇಳಿ ಉಸಿರು ಬಂತು ಮಗಾ. ಆಮೇಲೆ ನೀವಿಬ್ಬರೂ ಜಗಳಕ್ಕೆ ಬಿದ್ದಿರಿ. ನನ್ನ ತಮ್ಮ ಯಾರಿಗೂ ನೆನಪಿರಲಿಲ್ಲ."

ಎರಡನೆಯ ಸಲಹೆ ಕ್ಷಮೆಯ ಬಗ್ಗೆ. ಕ್ಷಮೆ ಕೇಳುವುದು ಅಂದರೆ ಹೇಳಿದ್ದನ್ನೆಲ್ಲ ವಾಪಸ್ ತಗೊಳ್ಳುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಸುಜಾತಳ ಅಪ್ಪನೂ ಹಾಗೇ ತಿಳಿದಿದ್ದರು. ಹಾಳೆಯ ಮೂರನೆಯ ಸಾಲಿಗೆ ಕ್ಷಮೆ ಕೇಳಿ, ಎರಡನೆಯದಕ್ಕೆ "ನಾನೂ ಜಾಸ್ತಿ ಹೇಳಿದೆ" ಅನ್ನಿ, ಮೊದಲನೆಯದನ್ನು ಬಿಟ್ಟುಕೊಡಬೇಡಿ ಅಂದೆ. ಅವಮಾನ ಎಲ್ಲರ ಮುಂದೆ ಆಗಿದೆ, ಹಾಗಾಗಿ ಮನೆಗೆ ಹೋಗಿ ಹೇಳಿದ ಮೇಲೆ ಪ್ರಾರ್ಥನಾ ಕೂಟದಲ್ಲೂ ಒಂದೆರಡು ಮಾತಿನಲ್ಲಿ ಹೇಳುವುದು ಒಳ್ಳೆಯದು ಎಂದೂ ಸೇರಿಸಿದೆ. ಮನೆಗೆ ಹೋದಾಗ ವಾದ ಶುರು ಮಾಡದೆ, ದೊಡ್ಡಪ್ಪನಿಗೆ ಆ ಯೋಚನೆ ಎಲ್ಲಿಂದ ಬಂತು ಎಂದು ಕೇಳಿ ಅಂದೆ. ನಿರೀಕ್ಷೆಗೆ ಆಧಾರ ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಕೊಡಿ ಎಂದು ಪೇತ್ರನ ಮೊದಲ ಪತ್ರ ಹೇಳುತ್ತದೆ. ಆ ಎರಡನೆಯ ಭಾಗ ಮೊದಲನೆಯದರಷ್ಟೇ ಆಜ್ಞೆ.

ದೊಡ್ಡಪ್ಪ ಮೊದಲು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಕಾಫಿ ಬಂತು, ಕಾಳುಮೆಣಸಿನ ರೇಟಿನ ಮಾತು ಬಂತು. ಕೊನೆಗೆ ಸುಜಾತ ಕೇಳಿದಾಗ ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. "ಕಾರಣ ಇಲ್ಲದೆ ಗುಡ್ಡ ಬೀಳುತ್ತೆ ಅಂದರೆ ನಮ್ಮ ಮೇಲೂ ಬೀಳಬಹುದಲ್ಲ ಮಗಳೇ. ನಮ್ಮ ಮನೆ ಹಿಂದೆಯೂ ಗುಡ್ಡ ಇದೆ." 2018ರ ಪರಿಹಾರ ಶಿಬಿರಗಳಲ್ಲಿ ಅವರು ಜನರಿಗೆ ಬಡಿಸಿದ್ದರು. 2019ರಲ್ಲಿ ಕೊಡಗಿನದೇ ತೋರ ಎಂಬ ಹಳ್ಳಿಯಲ್ಲಿ ಮತ್ತೆ ಗುಡ್ಡ ಜಾರಿತು. ಅಂದಿನಿಂದ ಪ್ರತಿ ಮಳೆಗಾಲ ಅವರಿಗೂ ನಿದ್ದೆ ಇಲ್ಲ. ವಚನದ ಅರ್ಥದ ಬಗ್ಗೆ ಗಟ್ಟಿಯಾಗಿ ಮಾತಾಡುವವರಲ್ಲಿ ಹೀಗೆ ಭಯ ಅಡಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದು ಗೊತ್ತಾದ ಮಾತ್ರಕ್ಕೆ ಅವರ ಅರ್ಥ ಸರಿಯಾಗುವುದಿಲ್ಲ. ಅವರ ಜೊತೆ ಮಾತಾಡುವ ದನಿ ಮಾತ್ರ ಬದಲಾಗುತ್ತದೆ.

ದೊಡ್ಡಪ್ಪ ತಮ್ಮ ಅಭಿಪ್ರಾಯ ಪೂರ್ತಿ ಬಿಟ್ಟಿಲ್ಲ. ದೇವರು ಪ್ರಕೃತಿಯ ಮೂಲಕ ಎಚ್ಚರಿಸುತ್ತಾರೆ ಎಂದೇ ನಂಬುತ್ತಾರೆ. ಆದರೆ ಆ ಹೆಂಗಸಿನ ಮನೆಗೆ ತಾವೇ ಹೋಗಿ ಮಾತಾಡಿಸಿ ಬಂದಿದ್ದಾರೆ. ಸುಜಾತ ಕೂಟದಲ್ಲಿ ತನ್ನ ಮಾತು ಹೇಳಿದಳು. ಸಂಡೇ ಸ್ಕೂಲಿನ ಪತ್ರ ಹರಿದು ಹಾಕಿದಳು. ಶನಿವಾರದ ನಿದ್ದೆ ನಿಧಾನಕ್ಕೆ ಸರಿಯಾಗುತ್ತಿದೆ. ಇನ್ನೂ ಕೆಲವು ರಾತ್ರಿ ಎಚ್ಚರವಾಗುತ್ತದಂತೆ. ಅದಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದೇನೆ, ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಲು ಹೇಳಿದ್ದೇನೆ.

ಕೊನೆಯ ಭೇಟಿಯಲ್ಲಿ ಆಕೆ ಕೇಳಿದ್ದು ಮಕ್ಕಳ ಬಗ್ಗೆ. ಗುಡ್ಡ ಯಾಕೆ ಬಿತ್ತು ಮಿಸ್ ಎಂದು ಕೇಳಿದರೆ ಏನು ಹೇಳಲಿ? ಮೊದಲು ಮಳೆಯ ವಿಷಯ ಹೇಳಿ ಅಂದೆ. 2018ರ ಆಗಸ್ಟಿನಲ್ಲಿ ಎಡೆಬಿಡದೆ ಸುರಿದ ಮಳೆಯಿಂದ ಮಣ್ಣು ನೀರು ಕುಡಿದು ಭಾರವಾದದ್ದು, ರಸ್ತೆಗೂ ಮನೆಗೂ ಇಳಿಜಾರು ಕಡಿದರೆ ಗುಡ್ಡ ಸಡಿಲವಾಗುವುದು, ಇವೆಲ್ಲ ಮಕ್ಕಳಿಗೆ ಅರ್ಥವಾಗುತ್ತವೆ. ಆಮೇಲೆ ಲೂಕ 13ನ್ನು ಎರಡೂ ಅರ್ಧ ಸೇರಿಸಿ ಓದಿ. ದೇವರು ಯಾಕೆ ಬಿಟ್ಟರು ಎಂದು ಕೇಳಿದರೆ ನನಗೆ ಗೊತ್ತಿಲ್ಲ ಅನ್ನಿ. ತರಗತಿಯಲ್ಲಿ ಗುಡ್ಡ ಜಾರಿದ ಕಡೆಯಿಂದ ಬಂದ ಮಗು ಇದ್ದರೆ, ಪಾಠಕ್ಕೆ ಮುಂಚೆ ಆ ಮಗುವಿನ ಮನೆಗೆ ಹೋಗಿ ಬನ್ನಿ.