ಉತ್ರೆಕ್ಟ್‌ನ ಯೂನಿವರ್ಸಿಟಿ ಕಾಲೇಜು ಖಾಸಗಿನಾ?

ಸರ್, ಮಗಳು ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದಾಳೆ, ಇತಿಹಾಸವನ್ನೂ ಬಿಡಲು ಇಷ್ಟವಿಲ್ಲ, ನೆದರ್ಲೆಂಡ್ಸ್‌ನ ಯೂನಿವರ್ಸಿಟಿ ಕಾಲೇಜ್ ಉತ್ರೆಕ್ಟ್ ಖಾಸಗಿ ಸಂಸ್ಥೆಯಾ ಅಂತ ಕೇಳಿದ್ದೀರಿ. ಅಲ್ಲ. ಅದು ಸರ್ಕಾರಿ ಉತ್ರೆಕ್ಟ್ ವಿಶ್ವವಿದ್ಯಾಲಯದ್ದೇ ಭಾಗ. ಪದವಿ ಕೊಡುವುದೂ ಆ ವಿಶ್ವವಿದ್ಯಾಲಯವೇ. 1998ರಲ್ಲಿ ಶುರುವಾಯಿತು, ವಿಜ್ಞಾನ, ಮಾನವಿಕ ಎಲ್ಲವನ್ನೂ ಒಟ್ಟಿಗೆ ಓದಿಸುವ ಈ ಬಗೆಯ ಕಾಲೇಜು ಆ ದೇಶದಲ್ಲಿ ಇದೇ ಮೊದಲು.

ಮೂರು ವರ್ಷದ ಕೋರ್ಸ್, ಪಾಠವೆಲ್ಲ ಇಂಗ್ಲಿಷಿನಲ್ಲಿ. ಒಂದು ಸೆಮಿಸ್ಟರಿಗೆ ನಾಲ್ಕೇ ವಿಷಯ. ವಿಜ್ಞಾನ, ಸಮಾಜ ವಿಜ್ಞಾನ, ಮಾನವಿಕ, ಮೂರರಲ್ಲೂ ಒಂದೊಂದನ್ನಾದರೂ ಓದಲೇಬೇಕು. ಹಾಗಾಗಿ ಜೀವಶಾಸ್ತ್ರದ ಜೊತೆ ಇತಿಹಾಸ ಅಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಮುಖ್ಯ ವಿಷಯ ನೋಡಿಕೊಂಡು ಬಿಎ ಅಥವಾ ಬಿಎಸ್‌ಸಿ ಸಿಗುತ್ತದೆ. ತರಗತಿಗಳು ಚಿಕ್ಕವು. ಸೆಮಿಸ್ಟರ್ ಪೂರ್ತಿ ಪ್ರಬಂಧ, ಚರ್ಚೆ, ಪರೀಕ್ಷೆ ಅಂತ ಅಂಕ ಕೂಡುತ್ತಾ ಹೋಗುತ್ತದೆ. ಕೊನೆಯ ತಿಂಗಳು ಗೈಡ್ ಹಿಡಿದು ಪಾಸಾಗುವ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ! ವಾಸ ಕ್ಯಾಂಪಸ್‌ನಲ್ಲೇ, ಹಿಂದೆ ಅದು ಸೇನೆಯ ಬ್ಯಾರಕ್ ಆಗಿತ್ತು.

ಆದರೆ ಸರ್ಕಾರಿ ಅಂದ ಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಯುರೋಪಿನ ಹೊರಗಿನವರಿಗೆ ಶುಲ್ಕ ತುಂಬಾ ಜಾಸ್ತಿ, ಜೊತೆಗೆ ವಸತಿ ಖರ್ಚು. ಈ ವರ್ಷದ ಲೆಕ್ಕವನ್ನು ಅವರ ಜಾಲತಾಣದಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ.

ಇನ್ನೊಂದು ಮಾತು. ಡಾಕ್ಟರಾಗುವ ಆಸೆ ಒಳಗೊಳಗೇ ಇದ್ದರೆ ಮೊದಲೇ ಕೇಳಿ ತಿಳಿದುಕೊಳ್ಳಿ, ಇದು ಎಂಬಿಬಿಎಸ್‌ಗೆ ಸಮವಲ್ಲ. ಸಂಶೋಧನೆಯ ಕಡೆ ಮನಸ್ಸಿದ್ದರೆ ಧೈರ್ಯವಾಗಿ ಅರ್ಜಿ ಹಾಕಿಸಿ.