ಪಿಂಚಣಿ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಯೋ, ಹೊಸ ಅರ್ಜಿಯೋ?

ಅತ್ತೆಯವರ ಸಂಧ್ಯಾ ಸುರಕ್ಷಾ (ವೃದ್ಧಾಪ್ಯ ಪಿಂಚಣಿ) ಅರ್ಜಿ ‘ವಯಸ್ಸಿನ ದಾಖಲೆ ತಾಳೆಯಾಗುತ್ತಿಲ್ಲ’ ಅಂತ ತಿರಸ್ಕಾರವಾಗಿದೆ, ನಾಡಕಚೇರಿಯಲ್ಲಿ ಹೊಸದಾಗಿ ಹಾಕಿ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೇಲ್ಮನವಿ ಹಾಕಿ. ಇದೇ ಕಾರಣಕ್ಕೆ ನಮ್ಮಮ್ಮನ ಅರ್ಜಿಯೂ 2022ರಲ್ಲಿ ಬಿದ್ದುಹೋಗಿತ್ತು.

ಅಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹುಟ್ಟಿದ ದಿನ ಗೊತ್ತಿಲ್ಲ. ಆಧಾರ್ ಮಾಡಿಸಿದಾಗ ಯಾರೋ 01-01-1954 ಅಂತ ಹಾಕಿದ್ದರು, ವೋಟರ್ ಕಾರ್ಡಿನ ಪ್ರಕಾರ ಅವರಿಗೆ ಬರೀ 60. ಯೋಜನೆಗೆ 65 ಆಗಿರಬೇಕು. ಎರಡರಲ್ಲಿ ಯಾವುದು ಸರಿ ಅಂತ ಯಾರೂ ಕೇಳಲಿಲ್ಲ, ಮೊಬೈಲಿಗೆ ‘ತಿರಸ್ಕೃತ’ ಅಂತ ಮೆಸೇಜ್ ಬಂತು ಅಷ್ಟೇ.

ನಮಗೂ ಹೊಸ ಅರ್ಜಿ ಹಾಕಿ ಅಂದರು, ಹಾಕಿದೆವು, ಅದೇ ಕಾರಣಕ್ಕೆ ಅದೂ ಹೋಯ್ತು. ಆಮೇಲೆ ಹೊಳೆದ ವಿಷಯ ಇದು: ಗಡುವಿನೊಳಗೆ ಅರ್ಜಿ ತಿರಸ್ಕರಿಸಿದರೂ ಕಚೇರಿ ಲೆಕ್ಕದಲ್ಲಿ ಅದು ‘ವಿಲೇವಾರಿ’. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನೋ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಇದೆ, ಆದರೆ ತಪ್ಪು ತಿರಸ್ಕಾರ ತಡ ಅಲ್ವಲ್ಲ! ನೀವು ಹೊಸ ಅರ್ಜಿ ಹಾಕಿದ ಕೂಡಲೇ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರು. ನಿಜವಾಗಲೂ ಒಂದು ಕಾಗದ ಬಿಟ್ಟುಹೋಗಿದ್ದರೆ ಹೊಸ ಅರ್ಜಿಯೇ ಬೇಗ ಆಗುತ್ತೆ, ಅದನ್ನ ಒಪ್ಪುತ್ತೇನೆ. ಕಾಗದ ಎಲ್ಲ ಇದ್ದೂ ಅವರು ಓದಿದ ರೀತಿಯೇ ತಪ್ಪಾಗಿದ್ದರೆ ಹತ್ತು ಸಲ ಹಾಕಿದರೂ ಅಷ್ಟೇ.

ಮೊದಲು ಹಿಂಬರಹ, ಅಂದರೆ ತಿರಸ್ಕಾರದ ಕಾರಣ ಬರೆದ ಪತ್ರ, ಕೇಳಿ ಪಡೆಯಿರಿ. ಬಾಯಿಮಾತಲ್ಲಿ ಹೇಳಿದ ಕಾರಣ ಮೇಲಿನವರ ಮುಂದೆ ನಿಲ್ಲಲ್ಲ. ಸ್ವೀಕೃತಿಯಲ್ಲಿರುವ 15 ಅಂಕಿಯ ಸಕಾಲ ನಂಬರ್ ಎತ್ತಿಟ್ಟುಕೊಳ್ಳಿ. ತಿರಸ್ಕಾರ ತಿಳಿದ ದಿನದಿಂದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹೋಗಬೇಕು, ನಮ್ಮ ಕೇಸಿನಲ್ಲಿ ಅದು ಎಸಿ (ಉಪವಿಭಾಗಾಧಿಕಾರಿ). ಆ ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕಡತ ನೋಡೋಕೆ ಆರ್‌ಟಿಐ ಹಾಕಿ, 10 ರೂಪಾಯಿ, ಬಿಪಿಎಲ್ ಆದರೆ ಅದೂ ಬೇಡ. ಆದರೆ ಉತ್ತರಕ್ಕೆ ಅವರಿಗೂ 30 ದಿನ ಟೈಮಿದೆ, ಅದನ್ನ ಕಾಯುತ್ತಾ ಕೂತರೆ ಮೇಲ್ಮನವಿಯ ಗಡುವೇ ಮುಗಿದುಹೋಗುತ್ತೆ.

ನಮ್ಮ ಮೇಲ್ಮನವಿಯ ವಿಚಾರಣೆ ಮೂರು ಸಲ ಮುಂದಕ್ಕೆ ಹೋಯ್ತು. ಸಾಹೇಬರು ಮೀಟಿಂಗು, ಸಾಹೇಬರು ವಿಸಿಟ್ಟು. ಆಗ ಶಕ್ತಿ ಯೋಜನೆಯೂ ಇರಲಿಲ್ಲ, ಪ್ರತಿ ಸಲ ಇಬ್ಬರ ಬಸ್ ಚಾರ್ಜು. ಅಮ್ಮ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ, ಬಟ್ಟೆ ಅಂಗಡಿಯ ಕವರಿನಲ್ಲಿ ಕಾಗದಗಳನ್ನ ತೊಡೆ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ನಾಲ್ಕನೇ ಸಲ ಒಳಗೆ ಕರೆದರು. ಅಧಿಕಾರಿ ಎರಡೂ ಕಾರ್ಡ್ ನೋಡಿ, “ಅಜ್ಜಿ, ನಿಮ್ಮ ದೊಡ್ಡ ಮಗ ಹುಟ್ಟಿದ್ದು ಯಾವಾಗ?” ಅಂದರು. ಅದೃಷ್ಟಕ್ಕೆ ಅಣ್ಣನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕವರಿನಲ್ಲೇ ಇತ್ತು: 1972. ವೋಟರ್ ಕಾರ್ಡ್ ನಿಜವಾದರೆ ಅಮ್ಮ ಹತ್ತನೇ ವಯಸ್ಸಿಗೆ ಹೆತ್ತಿರಬೇಕು! ಅವರು ನಕ್ಕುಬಿಟ್ಟರು. ಐದು ನಿಮಿಷದ ಕೆಲಸ.

ಮೊದಲ ಅರ್ಜಿಯಿಂದ ಮಂಜೂರಾತಿಗೆ ಹನ್ನೊಂದು ತಿಂಗಳು. ತಿಂಗಳಿಗೆ 1,200ರ ಲೆಕ್ಕದಲ್ಲಿ 13,200 ರೂಪಾಯಿ. ತಪ್ಪು ಅವರದೇ ಅಂತ ಆದೇಶದಲ್ಲೇ ಇದ್ದರೂ ನಮಗೆ ಹಣ ಶುರುವಾಗಿದ್ದು ಮಂಜೂರಾದ ಮೇಲೆ, ಹಿಂದಿನದ್ದು ಒಂದು ಪೈಸೆಯೂ ಬರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೇ. ನೀವು ಮೇಲ್ಮನವಿಯಲ್ಲೇ ‘ಮೊದಲ ಅರ್ಜಿಯ ದಿನಾಂಕದಿಂದ ಮಂಜೂರು ಮಾಡಿ’ ಅಂತ ಒಂದು ಸಾಲು ಬರೆದುಬಿಡಿ, ಕೊಡದಿದ್ದರೆ ಎರಡನೇ ಮೇಲ್ಮನವಿಗೆ ಅದೇ ಆಧಾರವಾಗುತ್ತೆ. ನಾವು ಕೇಳಲೇ ಇಲ್ಲ.

ತಿರಸ್ಕಾರದ ತಾರೀಖು ನೀವು ಬರೆದಿಲ್ಲ. 30 ದಿನ ದಾಟಿಲ್ಲ ಅಂದ್ರೆ ಸೋಮವಾರವೇ ಹೋಗಿ. ಅತ್ತೆಯವರನ್ನ ಈಗಲೇ ಓಡಾಡಿಸಬೇಡಿ, ವಿಚಾರಣೆ ದಿನ ಬಂದರೆ ಸಾಕು. ಮಕ್ಕಳ ಅಂಕಪಟ್ಟಿ ಈಗಲೇ ಹುಡುಕಿಡಿ.