ಕೇಳಿದ್ದು ಮ್ಯಾನ್‌ಹೋಲ್, ಬಂದದ್ದು ವೃದ್ಧಾಪ್ಯ ವೇತನ

ಪ್ರಶ್ನೆ: ನಮ್ಮದು ಬನಶಂಕರಿ ಕಡೆಯ ಬಡಾವಣೆ. ಜೋರು ಮಳೆ ಬಂದಾಗಲೆಲ್ಲ ಮನೆ ಮುಂದಿನ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ಗೇಟಿನವರೆಗೂ ಬರುತ್ತದೆ. ನಿವೃತ್ತ ಶಿಕ್ಷಕರಾದ ನನ್ನ ಮಾವನವರು ಈ ಬಗ್ಗೆ ನಮ್ಮ ಶಾಸಕರಿಗೆ ಮೂರು ಪುಟದ ಪತ್ರ ಬರೆದರು (ಅಂಚೆಗೆ ಹಾಕುವ ಮೊದಲು ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ). ‘ತಮ್ಮ ವೃದ್ಧಾಪ್ಯ ವೇತನದ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ತಹಶೀಲ್ದಾರರಿಗೆ ಕಳುಹಿಸಲಾಗಿದೆ’ ಎಂಬ ಉತ್ತರ ಬಂತು. ಅಂದಿನಿಂದ ಮಾವನವರು ಸರಿಯಾಗಿ ಊಟ ಮಾಡುತ್ತಿಲ್ಲ. ಶಾಸಕರ ಮನೆಗೇ ಹೋಗಿ ಕೇಳುತ್ತೇನೆ ಎನ್ನುತ್ತಾರೆ. ನನ್ನ ಯಜಮಾನರು, ಅಪ್ಪನಿಗೆ ತಿಳಿಯದಂತೆ ಪರಿಚಯದ ಕಾರ್ಯಕರ್ತರೊಬ್ಬರ ಮೂಲಕ ‘ಸರಿಯಾದ’ ಪತ್ರವೊಂದನ್ನು ತರಿಸಿಬಿಡೋಣ ಎನ್ನುತ್ತಾರೆ. ಎರಡೂ ಪತ್ರಗಳ ನಕಲು ಕಳುಹಿಸಿದ್ದೇನೆ. ನಾನು ಯಾರ ಮಾತಿಗೆ ಒಪ್ಪಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮಾವನವರ ಮಾತಿಗೆ ಒಪ್ಪಿ, ಆದರೆ ಅವರನ್ನು ಒಬ್ಬರನ್ನೇ ಕಳುಹಿಸಬೇಡಿ.

ನೀವು ಕಳುಹಿಸಿದ ಉತ್ತರದ ನಕಲನ್ನು ನೋಡಿದೆ. ಅಚ್ಚಾದ ಒಕ್ಕಣೆ, ಖಾಲಿ ಬಿಟ್ಟ ಜಾಗದಲ್ಲಿ ನೀಲಿ ಪೆನ್ನಿನಿಂದ ತುಂಬಿದ ಹೆಸರು, ‘ಶ್ರೀ/ಶ್ರೀಮತಿ’ ಎಂಬುದರಲ್ಲಿ ಯಾವುದನ್ನೂ ಹೊಡೆದುಹಾಕಿಲ್ಲ, ಸಹಿಯ ಜಾಗದಲ್ಲಿ ರಬ್ಬರ್ ಮೊಹರು. ಶಾಸಕರು ಇದನ್ನು ಕಂಡಿರುವ ಸಂಭವವೇ ಕಡಿಮೆ. ಮಾವನವರ ಪತ್ರ ‘ನಾನು ಎಪ್ಪತ್ತಾರು ವರ್ಷದ ನಿವೃತ್ತ ಶಿಕ್ಷಕ’ ಎಂದು ಆರಂಭವಾಗಿ, ಬಡಾವಣೆಯ ಇತಿಹಾಸವನ್ನೆಲ್ಲ ದಾಟಿ, ಮ್ಯಾನ್‌ಹೋಲ್‌ಗೆ ಬರುವುದು ಎರಡನೇ ಪುಟದ ಕೊನೆಯಲ್ಲಿ. ಟಪಾಲು ವಿಂಗಡಿಸುವ ಸಹಾಯಕರು ಮೊದಲ ಸಾಲಿನ ವಯಸ್ಸನ್ನು ಕಂಡು ಅದನ್ನು ವೃದ್ಧಾಪ್ಯ ವೇತನದ ಕಟ್ಟಿಗೆ ಸೇರಿಸಿರಬೇಕು. ಇದು ಅಸಡ್ಡೆಯೇ ಹೌದು; ಆದರೆ ನಿಮ್ಮ ಮಾವನವರನ್ನು ಗುರಿಯಾಗಿಸಿಕೊಂಡು ಮಾಡಿದ ಅವಮಾನವಲ್ಲ.

ಅವರಿಗೆ ಅದು ಹಾಗೆ ಕಾಣುವುದಿಲ್ಲ ಎಂಬುದೂ ಅರ್ಥವಾಗುವಂಥದ್ದೇ. ಜೀವಮಾನವೆಲ್ಲ ದುಡಿದು ತಮ್ಮದೇ ಪಿಂಚಣಿಯಲ್ಲಿ ಬದುಕುತ್ತಿರುವವರಿಗೆ, ತಾವು ಸರ್ಕಾರದ ಮುಂದೆ ಮಾಸಾಶನಕ್ಕಾಗಿ ಕೈಚಾಚಿದಂತೆ ಬರೆದ ಕಾಗದ ಬಂದರೆ, ಅದೂ ಅಂಚೆಯವನ ಕೈಯಿಂದ ನೆರೆಯವರ ಎದುರಿಗೇ ಬಂದರೆ, ಊಟ ಸೇರದಿರುವುದರಲ್ಲಿ ಆಶ್ಚರ್ಯವೇನಿದೆ? ಅವರ ಪತ್ರವನ್ನು ಅಂಚೆಗೆ ಹಾಕುವ ಮೊದಲು ಮನೆಯಲ್ಲಿ ಯಾರೂ ಓದಿರಲಿಲ್ಲ ಎಂದು ನೀವು ಕಂಸದಲ್ಲಿ ಬರೆದಿದ್ದೀರಿ. ಇಂದು ಸಂಜೆಯೇ ಅವರ ಪಕ್ಕ ಕುಳಿತು ಅದನ್ನು ಪೂರ್ತಿ ಓದಿ. ತುಂಬ ಚೆನ್ನಾಗಿ ಬರೆದಿದ್ದಾರೆ, ಉದ್ದವಾಯಿತು ಅಷ್ಟೆ.

ನಿಮ್ಮ ಯಜಮಾನರ ಉದ್ದೇಶ ಒಳ್ಳೆಯದೇ. ಆದರೆ ಗುಟ್ಟಾಗಿ ತರಿಸಿದ ಪತ್ರದಿಂದ ಕೊಳಚೆ ನೀರು ನಿಲ್ಲುವುದಿಲ್ಲ. ಮುಂದಿನ ಮಳೆಗೆ ನೀರು ಮತ್ತೆ ಗೇಟಿನ ಬಳಿ ನಿಂತಾಗ, ಆ ಪತ್ರ ಎಲ್ಲಿಂದ ಬಂತೆಂಬ ಗುಟ್ಟೂ ಹೊರಬೀಳುತ್ತದೆ. ಆಗ ಮಾವನವರು ಶಾಸಕರ ಜೊತೆಗೆ ಮಗನ ಮೇಲೂ ಮುನಿಸಿಕೊಳ್ಳುತ್ತಾರೆ.

ಇನ್ನು ಕೆಲಸದ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಬೀದಿದೀಪದಿಂದ ಹಿಡಿದು ಕಸದವರೆಗಿನ ದೂರುಗಳೆಲ್ಲ ಶಾಸಕರ ಬಾಗಿಲಿಗೆ ಹೋಗುವುದು ಬೆಂಗಳೂರಿಗರಿಗೆ ರೂಢಿಯಾಗಿಬಿಟ್ಟಿತು. ಆದರೆ ಮ್ಯಾನ್‌ಹೋಲ್ ಮತ್ತು ಒಳಚರಂಡಿ ಜಲಮಂಡಳಿಗೆ ಸೇರಿದ್ದು. ಮಳೆನೀರಿನ ಚರಂಡಿ ಮಾತ್ರ ಪಾಲಿಕೆಯದು. ಆದ್ದರಿಂದ ಮೊದಲು ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡಿ ದೂರು ಸಂಖ್ಯೆ ಪಡೆದುಕೊಳ್ಳಿ. ಮಳೆ ಬಂದಾಗ ಮಾತ್ರ ಉಕ್ಕುತ್ತದೆ ಎಂದಿದ್ದೀರಿ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಟ್ಟಿರುವ ಮನೆಗಳು ಬೀದಿಯಲ್ಲಿದ್ದರೆ ಹೀಗಾಗುವುದುಂಟು. ನಿಮ್ಮ ಮನೆಯ ಪೈಪು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ, ಬೇಸರಿಸಿಕೊಳ್ಳದೆ, ಒಮ್ಮೆ ನೋಡಿಬಿಡಿ.

ದೂರು ಕೊಟ್ಟ ಮೇಲೂ ಕೆಲಸವಾಗದಿದ್ದರೆ, ಆ ದೂರಿನ ಮೇಲೆ ಏನು ಕ್ರಮವಾಯಿತು ಎಂದು ಮಾಹಿತಿ ಹಕ್ಕಿನ ಅಡಿ 10 ರೂಪಾಯಿ ಶುಲ್ಕ ಕಟ್ಟಿ ಜಲಮಂಡಳಿಯನ್ನೇ ಕೇಳಬಹುದು. 30 ದಿನಗಳೊಳಗೆ ಅವರು ಉತ್ತರಿಸಬೇಕು. ಆ ಅರ್ಜಿಯನ್ನು ಮಾವನವರೇ ಬರೆಯಲಿ.

ಶಾಸಕರ ಭೇಟಿಯನ್ನು ಕೈಬಿಡಬೇಕಾಗಿಲ್ಲ. ಮ್ಯಾನ್‌ಹೋಲ್ ರಿಪೇರಿ ಅವರ ಕೆಲಸವಲ್ಲದಿದ್ದರೂ, ಎಂಜಿನಿಯರನ್ನು ಕರೆಸಿ ವಿಚಾರಿಸುವುದು ಅವರಿಂದ ಆಗುವ ಕೆಲಸವೇ. ಅವರು ಜನರನ್ನು ಕಾಣುವ ವೇಳೆಯನ್ನು ಕಚೇರಿಯಲ್ಲಿ ಕೇಳಿಕೊಂಡು, ಮಾವನವರು ಒಂದೇ ಪುಟದ ಹೊಸ ಪತ್ರದೊಡನೆ ಹೋಗಲಿ. ಮೇಲ್ಗಡೆ ‘ವಿಷಯ’ ಎಂಬಲ್ಲಿ ಬೀದಿಯ ಹೆಸರು ಮತ್ತು ಮ್ಯಾನ್‌ಹೋಲ್ ಉಕ್ಕುವ ಸಂಗತಿ, ಅದರ ಕೆಳಗೆ ದೂರು ಸಂಖ್ಯೆ, ಜೊತೆಗೆ ಒಂದು ಫೋಟೊ. ವಯಸ್ಸನ್ನು ಬರೆಯುವುದು ಬೇಡ. ಹಳೆಯ ಉತ್ತರದ ನಕಲನ್ನೂ ಲಗತ್ತಿಸಿ, ‘ಇದು ನನ್ನ ಮನವಿಗೆ ಸಂಬಂಧಿಸಿದ್ದಲ್ಲ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಜೊತೆಗೆ ಹೋಗಬೇಕಾದವರು ನಿಮ್ಮ ಯಜಮಾನರು. ಹೊಸ ಪತ್ರ ತಲುಪಿದ್ದಕ್ಕೆ ಕಚೇರಿಯ ಮೊಹರು ಹಾಕಿದ ಸ್ವೀಕೃತಿಯನ್ನು ಕೇಳಿ ಪಡೆಯುವ ಹೊಣೆ ಅವರದಿರಲಿ.